ದಾವೀದನ ಕೀರ್ತನೆಗಳೂ ಕನ್ನಡದ ಛಂದಸ್ಸೂ

ಹೀಬ್ರೂ ಭಾಷೆಯ ನೂರೈವತ್ತು ಸ್ತೋತ್ರಗಳಿಗೆ ಕನ್ನಡ ಬೈಬಲ್ಲಿನಲ್ಲಿ ‘ಕೀರ್ತನೆಗಳು’ ಎಂದು ಹೆಸರು. ದಾಸರ ಪದಗಳಿಗೆ ನಾವು ಹೇಳುವ ಹೆಸರೂ ಇದೇ. ವಾದಿರಾಜರು ಹಾಡಿದ ಉಡುಪಿಯಲ್ಲಿ ಈ ಶಬ್ದವನ್ನು ಯಾರಿಗೂ ವಿವರಿಸಬೇಕಾದುದಿಲ್ಲ. ಹೆಸರೇನೋ ಸುಲಭವಾಗಿ ಕನ್ನಡವಾಯಿತು. ಹಾಡೂ ಅಷ್ಟೇ ಸುಲಭವಾಗಿ ಕನ್ನಡವಾಯಿತೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಮೂಲದಲ್ಲಿ ಈ ಸ್ತೋತ್ರಗಳಿಗೆ ಪ್ರಾಸವಿಲ್ಲ, ಅಕ್ಷರಗಳ ಲೆಕ್ಕವೂ ಇಲ್ಲ. ಒಂದು ಮಾತನ್ನು ಹೇಳಿ, ಅದನ್ನೇ ಬೇರೊಂದು ಬಗೆಯಿಂದ ಮತ್ತೆ ಹೇಳುವುದು ಅವುಗಳ ಲಯ. ಅವನ್ನು ಛಂದೋಬದ್ಧಗೊಳಿಸಿದ್ದು ಹದಿನಾರನೆಯ ಶತಮಾನದ ಮತಸುಧಾರಣೆ. ಗಾಯಕರು ಹಾಡಿ ಜನರು ಕೇಳುವುದಲ್ಲ, ಜನರೇ ಹಾಡಬೇಕೆಂಬುದು ಸುಧಾರಕರ ಅಭಿಮತವಾಗಿತ್ತು. ಜಿನೀವದ ಫ್ರೆಂಚ್ ಕೀರ್ತನಸಂಗ್ರಹವೂ ಸ್ಟರ್ನ್‌ಹೋಲ್ಡ್ ಮತ್ತು ಹಾಪ್ಕಿನ್ಸರ ಇಂಗ್ಲಿಷ್ ಸಂಗ್ರಹವೂ 1562ರಲ್ಲಿಯೇ ಪೂರ್ಣಗೊಂಡವು. ಇಂಗ್ಲಿಷಿನಲ್ಲಿ ಬಹುಮಟ್ಟಿಗೆ ಎಂಟು, ಆರು, ಎಂಟು, ಆರು ಅಕ್ಷರಗಳ ನಾಲ್ಕು ಸಾಲುಗಳದೇ ಬಳಕೆ. ನಮ್ಮ ಯಕ್ಷಗಾನದ ಮಟ್ಟುಗಳಂತೆ, ಒಂದು ರಾಗವನ್ನು ಕಲಿತರೆ ಹತ್ತಾರು ಕೀರ್ತನೆಗಳನ್ನು ಹಾಡಬಹುದಾಗಿತ್ತು. ಥಾಮಸ್ ಟ್ಯಾಲಿಸನಂತಹ ಹಿರಿಯ ವಾಗ್ಗೇಯಕಾರನೂ ಆರ್ಚ್‌ಬಿಷಪ್ ಪಾರ್ಕರನ ಸಂಗ್ರಹಕ್ಕಾಗಿ ನಾಲ್ಕು ಕಂಠಗಳ ಒಂಬತ್ತು ರಾಗಗಳನ್ನು ರಚಿಸಿಕೊಟ್ಟನು. ಸ್ಕಾಟ್ಲೆಂಡಿನ ಸಭೆಗಳು 1650ರ ತಮ್ಮ ಸಂಗ್ರಹವನ್ನು ವಾದ್ಯದ ಸಹಾಯವಿಲ್ಲದೆಯೇ ತಲೆಮಾರುಗಳ ಕಾಲ ಹಾಡಿದವು. ಕಂಠಗಳು ಮಾತ್ರ ಇದ್ದಲ್ಲಿ ಮಾತೇ ತಾಳ. ಮಾತು ತಪ್ಪಿದರೆ ಅದನ್ನು ಮುಚ್ಚಲು ಮೃದಂಗವೂ ಇಲ್ಲ, ಆರ್ಗನ್ನೂ ಇಲ್ಲ.

1834ರಲ್ಲಿ ಮಂಗಳೂರಿಗೆ ಬಂದಿಳಿದ ಬಾಸೆಲ್ ಮಿಶನಿನವರು ಉಡುಪಿ, ಮಲ್ಪೆಗಳಿಗೆ ತಂದುದು ಈ ಕುಲಕ್ಕೇ ಸೇರಿದ ಜರ್ಮನ್ ಸಭಾಗೀತಗಳನ್ನು. ಆ ರಾಗಗಳಿಗೆ ಕನ್ನಡವನ್ನು ಹೊಂದಿಸುವಾಗ ತೊಡಕು ಎದುರಾಯಿತು. ಇಂಗ್ಲಿಷಿನ ಎಂಟು ಅಕ್ಷರಗಳಲ್ಲಿ ಏಳೆಂಟು ಪದಗಳು ಹಿಡಿಯುತ್ತವೆ. ಕನ್ನಡದಲ್ಲಿ ಎರಡೋ ಮೂರೋ. ‘ಕರುಣಿಸಿದನು’ ಎಂದೊಡನೆ ಆರಕ್ಷರದ ಸಾಲೇ ಮುಗಿದುಹೋಯಿತು! ಅಲ್ಲದೆ ಆ ರಾಗಗಳಲ್ಲಿ ಅನೇಕವು ಹಗುರಾಗಿ ಮೊದಲಾಗಿ, ಎರಡನೆಯ, ನಾಲ್ಕನೆಯ, ಆರನೆಯ ಅಕ್ಷರಗಳ ಮೇಲೆ ಒತ್ತುಕೊಡುತ್ತವೆ. ಆರೂ ಲಘುಗಳಾದ ಈ ಪದವು ಆಗ ‘ಕರೂಣಿಸೀದನೂ’ ಆಗುತ್ತದೆ. ‘ದೇವರು’ ಎಂಬಲ್ಲಿ ಗುರುವಾದ ‘ದೇ’ ಹಗುರಾಗಿ, ಲಘುವಾದ ‘ವ’ ಭಾರವಾಗುತ್ತದೆ. ದಾಸರ ಕೀರ್ತನೆಯನ್ನು ಒಬ್ಬನು ಹಾಡುವಾಗ ತಾಳದೊಳಗೆ ಅಕ್ಷರವನ್ನು ಎಳೆದು ಸರಿಪಡಿಸಿಕೊಳ್ಳಬಲ್ಲನು. ನಾಲ್ಕು ಕಂಠಗಳು ಒಂದೇ ಕ್ಷಣದಲ್ಲಿ ಒಂದೇ ಅಕ್ಷರವನ್ನು ನುಡಿಯಬೇಕಾದಾಗ ಆ ಸ್ವಾತಂತ್ರ್ಯವಿಲ್ಲ.

ಮಿಶನರಿಗಳಿಗೆ ಕನ್ನಡದ ಪದ್ಯಮಾರ್ಗದ ಅರಿವಿರಲಿಲ್ಲವೆಂದು ಹೇಳಲಾಗದು. ದಾಸರ ಪದಗಳನ್ನು ಮೊದಲು ಅಚ್ಚಿಗೆ ತಂದವರಲ್ಲಿ ಮೋಗ್ಲಿಂಗ್ ಪ್ರಮುಖನು. ಕಿಟ್ಟೆಲನು 1862ರ ‘ಕಥಾಮಾಲೆ’ಯಲ್ಲಿ ಕ್ರಿಸ್ತಚರಿತೆಯನ್ನು ಕನ್ನಡದ ಛಂದಸ್ಸುಗಳಲ್ಲಿಯೇ ಹಾಡಿದನು, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ಯನ್ನು ಸಂಪಾದಿಸಿದನು. ಪರದೇಶದ ರಾಗಕ್ಕೆ ಅಕ್ಷರಗಳನ್ನು ಎಣಿಸಿ ತುಂಬುವ ದಾರಿಯೊಂದು, ನಮ್ಮ ಮಾತ್ರೆಗಳನ್ನು ನಂಬುವ ದಾರಿ ಇನ್ನೊಂದು. ಎರಡೂ ಈ ಕರಾವಳಿಯಲ್ಲಿ ಜೊತೆಜೊತೆಯಾಗಿ ನಡೆದವು. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಬಿ. ಎಂ. ಶ್ರೀಕಂಠಯ್ಯನವರು ಎರಡನೆಯದನ್ನು ಹಿಡಿದು, ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಹೊಸ ಬಗೆಯಲ್ಲಿ ಜೋಡಿಸಿ ಜಯಶೀಲರಾದರು. ಆ ಜಯವನ್ನು ನಾವು ತರಗತಿಗಳಲ್ಲಿ ಪಾಠ ಹೇಳುತ್ತೇವೆ. ಅದಕ್ಕೂ ಹಿಂದೆ, ಇದೇ ಸಮಸ್ಯೆಯೊಡನೆ ಹೆಣಗಿದ ಸಭಾಗೀತಗಳ ಸುದ್ದಿಯನ್ನು ಎಷ್ಟು ಮಂದಿ ಎತ್ತುತ್ತೇವೆ?

ಹೊಂದದ ರಾಗಗಳನ್ನು ಕೈಬಿಡೋಣವೆಂದು ಕೆಲವರು ಹೇಳಬಹುದು. ನಾವು ಅದನ್ನು ಒಪ್ಪೆವು. ಹಲವು ಕಂಠಗಳು ಬೇರೆಬೇರೆ ಸ್ವರಗಳಲ್ಲಿ ಒಂದೇ ಮಾತನ್ನು ನುಡಿಯುವ ಸೊಗಸು ನಮ್ಮ ಸಂಗೀತದಲ್ಲಿ ಇರದಿದ್ದುದು. ಬಂದ ಸಂಪತ್ತನ್ನು ಕಳೆದುಕೊಳ್ಳಬಾರದು. ಆದರೆ ಆ ಸಂಪತ್ತಿಗೆ ಕನ್ನಡದ ಮಾತು ಸುಂಕ ತೆರಬೇಕಾದುದಿಲ್ಲ. ತಾಳದ ಘಾತದಲ್ಲಿಯೇ ಮೊದಲಾಗುವ, ಗುರುಲಘುಗಳನ್ನು ಮನ್ನಿಸುವ ಹೊಸ ರಚನೆಗಳು ಬರಲಿ. ಛಂದಸ್ಸನ್ನು ಬಲ್ಲ ಕನ್ನಡ ಅಧ್ಯಾಪಕನೂ ಸ್ವರಲಿಪಿಯನ್ನು ಬಲ್ಲ ಗಾಯಕನೂ ಒಂದೆಡೆ ಕುಳಿತರೆ ಇದು ಅಸಾಧ್ಯವಲ್ಲ.

ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಹತ್ತಿರದ ಸಂಶೋಧನಕ್ಷೇತ್ರ ಬೇರೆ ಬೇಕಿಲ್ಲ. ಮಂಗಳೂರು ಬಲ್ಮಠದ ಕರ್ನಾಟಕ ಥಿಯೊಲಾಜಿಕಲ್ ಕಾಲೇಜಿನಲ್ಲಿ ಮಿಶನಿನ ಹಳೆಯ ಗ್ರಂಥಭಂಡಾರವಿದೆ. ಅಲ್ಲಿಗೆ ಹೋಗಿ ಗೀತಪುಸ್ತಕಗಳನ್ನು ತೆರೆಯಲಿ. ಹಿರಿಯರ ಕಂಠದಲ್ಲಿರುವ ಹಾಡುಗಳನ್ನು ಧ್ವನಿಮುದ್ರಿಸಿಕೊಳ್ಳಲಿ. ಪ್ರತಿಯೊಂದು ಸಾಲಿಗೂ ಪ್ರಸ್ತಾರ ಹಾಕಿ ನೋಡಲಿ. ಪುಸ್ತಕವನ್ನು ನಾಳೆಯೂ ತೆರೆಯಬಹುದು. ಹಾಡಬಲ್ಲ ಹಿರಿಯರು ನಾಳೆಗೆ ಕಾಯಲಾರರು.