ನಂಗು ಮೀನಿನ ಕಣ್ಣು



ಸುರೇಬಾನದ ಭಕ್ತರೊಬ್ಬರ ಮನೆಯಲ್ಲಿ ನಾವು ಬಿಡಾರ ಮಾಡಿದ್ದಾಗ, ಆ ಮನೆಯ ಬಾಲಕನು ಚಿತ್ರದ ಪುಸ್ತಕವೊಂದನ್ನು ತಂದು ನಮ್ಮ ಮುಂದೆ ಹಿಡಿದನು. “ಅಜ್ಜಾರ, ಈ ಮೀನಿಗೆ ಎರಡೂ ಕಣ್ಣು ಒಂದೇ ಮಗ್ಗಲಿಗೆ ಯಾಕ ಅದಾವರೀ?” ಚಿತ್ರ ಬರೆದವನ ತಪ್ಪಿರಬೇಕೆಂದು ನಾವು ನುಡಿದೆವು. ತಪ್ಪು ನಮ್ಮದಾಗಿತ್ತು. ಮಲಪ್ರಭೆಯ ಮೀನುಗಳನ್ನಷ್ಟೇ ಕಂಡ ಕಣ್ಣಿಗೆ ಕಡಲಿನ ಸಂಗತಿ ತಿಳಿದಿರಲಿಲ್ಲ. ಆ ಪ್ರಶ್ನೆಗೆ ಇಂದು ಉತ್ತರ ಸಲ್ಲಿಸುತ್ತೇವೆ.

ಅಂತಹ ಚಪ್ಪಟೆ ಮೀನುಗಳಲ್ಲೊಂದು ನಮ್ಮ ಕರಾವಳಿಯ ‘ನಂಗು’. ಉದ್ದ ಒಂದು ಗೇಣಿಗೂ ಕಡಿಮೆ. ಮೈ ಎಲೆಯಂತೆ ತೆಳುವು. ಇದರ ಶಾಸ್ತ್ರೀಯ ನಾಮ ಸೈನೊಗ್ಲಾಸಸ್ ಮ್ಯಾಕ್ರೊಸ್ಟೋಮಸ್. ಮೊದಲ ಪದಕ್ಕೆ ಗ್ರೀಕ್ ಭಾಷೆಯಲ್ಲಿ ‘ನಾಯಿಯ ನಾಲಗೆ’ ಎಂದರ್ಥ. ಮಳೆಗಾಲದ ಅಬ್ಬರ ಇಳಿದ ಮೇಲೆ ಮಂಗಳೂರು, ಕೇರಳಗಳ ದಡದ ಸಮೀಪಕ್ಕೆ ಇದು ಗುಂಪುಗುಂಪಾಗಿ ಬರುತ್ತದೆ. ಕೆಸರು ನೆಲದಲ್ಲಿ ಮಲಗಿ ಹುಳುಗಳನ್ನು ತಿಂದು ಬದುಕುತ್ತದೆ.

ಮೊಟ್ಟೆಯೊಡೆದ ಮರಿಯು ಇತರ ಮೀನುಗಳಂತೆ ನೆಟ್ಟಗೆ ಈಜುವುದು, ಮಗ್ಗುಲಿಗೊಂದು ಕಣ್ಣು. ಬೆಳೆಯುತ್ತ ಬಂದಂತೆ ತಲೆಬುರುಡೆ ತಿರುಚಿಕೊಂಡು ಬಲಗಣ್ಣು ಎಡಮಗ್ಗುಲಿಗೆ ಸಾಗುವುದು. ಬಳಿಕ ಬಲಮಗ್ಗುಲನ್ನು ಕೆಳಗೆ ಮಾಡಿ ಕಡಲ ತಳವನ್ನು ಸೇರುವುದು. ಮೇಲಿನ ಮಗ್ಗುಲು ಕೆಸರಿನಂತೆ ಕಂದು, ಕೆಳಗಿನದು ಬಿಳುಪು. ಕೆಸರಿನೊಳಗೆ ಒಂದು ಕಣ್ಣು ವ್ಯರ್ಥವಾಗುತ್ತಿತ್ತು. ಈಗ ಎರಡೂ ಮೇಲೆ ನೋಡುತ್ತವೆ.

ಅರ್ಧ ದಾರಿ ಸಾಗಿದ ಕಣ್ಣಿನಿಂದ ಪೂರ್ವಕಾಲದ ಮೀನಿಗೆ ಏನು ಪ್ರಯೋಜನವೆಂದು 1871ರಲ್ಲಿ ಮಿವಾರ್ಟ್ ಎಂಬ ಪಂಡಿತನು ಡಾರ್ವಿನ್ನನನ್ನು ಪ್ರಶ್ನಿಸಿದನು. ಡಾರ್ವಿನ್ 1872ರಲ್ಲಿ ತನ್ನ ಗ್ರಂಥದ ಆರನೆಯ ಆವೃತ್ತಿಯಲ್ಲಿ ಉತ್ತರಿಸಿದನಾದರೂ, ತೋರಿಸಲು ಅಂತಹ ಮೀನಿನ ಪಳೆಯುಳಿಕೆ ಅವನ ಬಳಿ ಇರಲಿಲ್ಲ. 2008ರಲ್ಲಿ ಮ್ಯಾಟ್ ಫ್ರೀಡ್ಮನ್ ಎಂಬ ವಿಜ್ಞಾನಿಯು ಸುಮಾರು 5 ಕೋಟಿ ವರ್ಷ ಹಳೆಯ ಪಳೆಯುಳಿಕೆಗಳಲ್ಲಿ ಅದನ್ನು ಕಂಡನು: ಒಂದು ಕಣ್ಣು ಮೇಲಕ್ಕೆ ಸರಿದಿದೆ, ಆದರೆ ಆಚೆಯ ಮಗ್ಗುಲನ್ನು ಇನ್ನೂ ಮುಟ್ಟಿಲ್ಲ. ಸೋಜಿಗವೆಂದರೆ, ಅವುಗಳಲ್ಲಿ ಕೆಲವು ಬಹುಕಾಲದಿಂದ ಯುರೋಪಿನ ಸಂಗ್ರಹಾಲಯಗಳಲ್ಲಿಯೇ ಇದ್ದವು. ಉತ್ತರವು ಕಪಾಟಿನಲ್ಲಿತ್ತು, ನಿಂತು ನೋಡುವವರು ಬೇಕಾಗಿದ್ದರು.

ಮನೆಯ ಹಿರಿಯರಲ್ಲಿ ನಮ್ಮ ಬಿನ್ನಹವಿಷ್ಟೇ. ಮಕ್ಕಳು ಕೇಳಿದ ಪ್ರಶ್ನೆಯನ್ನು ನಮ್ಮಂತೆ ಅವಸರದಲ್ಲಿ ತಳ್ಳಿಹಾಕಬೇಡಿರಿ. ಆ ಬಾಲಕನು ಸರಿಯಾಗಿಯೇ ನೋಡಿದ್ದನು. ಚಿತ್ರದಲ್ಲಿ ತಪ್ಪಿರಲಿಲ್ಲ.