ಕಡಲಂಚಿನ ಸರಸೋತಿ

ವೃಶ್ಚಿಕ ಮಾಸದ ಹುಣ್ಣಿಮೆಗೆ ಕೋಟೇಶ್ವರದಲ್ಲಿ ಕೊಡಿಹಬ್ಬ. ಕೋಟಿಲಿಂಗೇಶ್ವರನ ರಥೋತ್ಸವಕ್ಕೆ ಸುತ್ತಣ ಊರುಗಳೆಲ್ಲ ಬಂದು ನೆರೆಯುತ್ತವೆ. ಹೊಸದಾಗಿ ಮದುವೆಯಾದವರು ದೇವರ ದರ್ಶನ ಮಾಡಿ, ತುದಿಯಲ್ಲಿ ಹಸಿರಿರುವ ಕಬ್ಬನ್ನು ಮನೆಗೆ ಒಯ್ಯುವುದು ಇಲ್ಲಿಯ ವಾಡಿಕೆ. ಕೊಡಿಯೆಂದರೆ ಚಿಗುರು, ಸಂಸಾರವೂ ಚಿಗುರಲಿ ಎಂಬುದು ಹಾರೈಕೆ. ಆದರೆ ಇದೇ ಕರಾವಳಿಯಲ್ಲಿ, ಚಿಗುರುವ ಮೊದಲೇ ಬಾಳು ಬಾಡಿದ ಹೆಣ್ಣುಮಕ್ಕಳು ತವರಿನ ಮೂಲೆ ಸೇರಿ ಮುದುಕಿಯರಾಗುತ್ತಿದ್ದ ಕಾಲವೊಂದಿತ್ತು. ಅವರಿಗೆ ಯಾವ ಹಬ್ಬದಲ್ಲಿಯೂ ಮುಂದಿನ ಸಾಲು ಇರಲಿಲ್ಲ.

ಅಂಥವಳೊಬ್ಬಳ ಚಿತ್ರವನ್ನು ಶಿವರಾಮ ಕಾರಂತರು ಕನ್ನಡಕ್ಕೆ ಕೊಟ್ಟಿದ್ದಾರೆ. ಅವರು 1902ರಲ್ಲಿ ಹುಟ್ಟಿದ ಕೋಟ, ಕೋಟೇಶ್ವರದಿಂದ ತೆಂಕಣಕ್ಕೆ ಕೆಲವೇ ಮೈಲಿ. 1940ರ ದಶಕದ ಆರಂಭದಲ್ಲಿ ಪ್ರಕಟವಾದ ‘ಮರಳಿ ಮಣ್ಣಿಗೆ’ ಮೂರು ತಲೆಮಾರುಗಳ ಕಥೆ. ರಾಮ ಐತಾಳ, ಅವನ ಮಗ ಲಚ್ಚ, ಮೊಮ್ಮಗ ರಾಮ ಎಂದು ಗಂಡಸರ ಹೆಸರಿನಲ್ಲಿ ಅದನ್ನು ಹೇಳುವುದು ರೂಢಿ. ಆದರೆ ಆ ಮನೆಯನ್ನು ಹೊತ್ತು ನಿಂತವಳು ಐತಾಳನ ವಿಧವೆ ತಂಗಿ ಸರಸೋತಿ.

ಅಣ್ಣ ಪೌರೋಹಿತ್ಯಕ್ಕೆ ಹೊರಟರೆ ಗದ್ದೆಯ ದುಡಿಮೆ ಹೆಂಗಸರದು. ಮರಳು ಬೆರೆತ ನೆಲಕ್ಕೆ ಗೊಬ್ಬರ ಹೊರಬೇಕು, ನೇಜಿ ನೆಡಬೇಕು, ಮಳೆಗಾಲದ ನೆರೆಯಲ್ಲಿ ತೇಲಿಬರುವ ಕಟ್ಟಿಗೆಯನ್ನು ಹಿಡಿದು ಒಲೆಗೆ ಕೂಡಿಡಬೇಕು. ಸರಸೋತಿಯೂ ಅತ್ತಿಗೆ ಪಾರೋತಿಯೂ ಇದನ್ನೆಲ್ಲ ದೂರಿಲ್ಲದೆ ಮಾಡುತ್ತಾರೆ. ಹಾಗೆ ಕೂಡಿಸಿದ ಸಂಪತ್ತಿನ ಫಲವಾದರೋ ಲಚ್ಚನ ಪಾಲಾಗುತ್ತದೆ. ಓದಲು ಹೋದ ಹುಡುಗ ದುಂದು ಕಲಿಯುತ್ತಾನೆ, ಮನೆ ಕರಗುತ್ತದೆ, ಅವನ ಕೈಹಿಡಿದ ನಾಗವೇಣಿ ಕಣ್ಣೀರಿನಲ್ಲಿ ಕೈತೊಳೆಯುತ್ತಾಳೆ. ಆಗ ಅವಳ ಬೆನ್ನಿಗೆ ನಿಲ್ಲುವವಳು ಮುಪ್ಪಿಗೆ ಕಾಲಿಟ್ಟ ಸರಸೋತಿ.

ಕಾರಂತರು ಅವಳನ್ನು ದೇವತೆಯಾಗಿಸಲಿಲ್ಲ. ಅವಳಿಗೆ ಸಿಟ್ಟುಂಟು, ಮಾತಿನಲ್ಲಿ ಮೊನೆಯುಂಟು. ತನ್ನ ದುಃಖವನ್ನು ಅವಳು ಯಾರ ಮುಂದೆಯೂ ಹರಡುವುದಿಲ್ಲ. ಇನ್ನೊಬ್ಬಳಿಗಾದ ಅನ್ಯಾಯವನ್ನು ಮಾತ್ರ ಸಹಿಸಲಾರಳು. ಅವಳ ತಾಳ್ಮೆಯ ತಿರುಳು ಇಲ್ಲಿದೆ. ಕಡೆಗೆ ಮೊಮ್ಮಗ ರಾಮ ಮದರಾಸಿನ ಓದು ಮುಗಿಸಿ, ಕೆಲಸಕ್ಕಾಗಿ ಅಲೆದು, ಮಣ್ಣಿಗೆ ಮರಳುತ್ತಾನೆ. ಅವನು ಮರಳಿದ ಮಣ್ಣನ್ನು ಹದವಾಗಿರಿಸಿದ್ದು ಆ ಹೆಂಗಸರ ಬೆವರು.

1968ರಲ್ಲಿ ಕಾರಂತರು ಇನ್ನೊಬ್ಬ ಮುದುಕಿಯನ್ನು ತಂದರು: ‘ಮೂಕಜ್ಜಿಯ ಕನಸುಗಳು’ ಕಾದಂಬರಿಯ ಮೂಕಜ್ಜಿ. ಎಳವೆಯಲ್ಲಿಯೇ ವಿಧವೆಯಾಗಿ, ಬಹುಕಾಲ ಮೌನವಾಗಿದ್ದು, ಇಳಿವಯಸ್ಸಿನಲ್ಲಿ ಮೊಮ್ಮಗ ಸುಬ್ಬರಾಯನೊಡನೆ ದೇವರು, ಧರ್ಮ, ಗಂಡುಹೆಣ್ಣಿನ ಬಾಳು ಎಲ್ಲವನ್ನೂ ಕುರಿತು ನಿರ್ಭಯವಾಗಿ ಮಾತನಾಡುವವಳು. ಕಾರಂತರಿಗೆ 1977ರ ಜ್ಞಾನಪೀಠ ಪ್ರಶಸ್ತಿ ಬಂದದ್ದು ಈ ಕೃತಿಗೆ. ಸರಸೋತಿಯ ಕೈಗಳು ಮಾಡಿದ್ದನ್ನು ಮೂಕಜ್ಜಿಯ ನಾಲಿಗೆ ನುಡಿಯಿತೆನ್ನಬಹುದು.

ಅಜ್ಜಿ ಎಲ್ಲವನ್ನೂ ಸಹಿಸಿದಳೆಂದು ಹೊಗಳುವುದು ಸುಲಭ. ಅಷ್ಟನ್ನು ಅವಳೊಬ್ಬಳೇ ಏಕೆ ಸಹಿಸಬೇಕಾಯಿತೆಂದು ಕೇಳುವುದು ಕಷ್ಟ; ಏಕೆಂದರೆ ಉತ್ತರ ಅವಳದೇ ಮನೆಯವರತ್ತ ಬೆರಳು ತೋರುತ್ತದೆ. ಸರಸೋತಿ ದುಡಿದ ಗದ್ದೆ ಅವಳದಾಗಿರಲಿಲ್ಲ. ಹಿಂದೂ ಹೆಂಗಸಿಗೆ ತನ್ನ ಆಸ್ತಿಯ ಮೇಲೆ ಪೂರ್ಣ ಒಡೆತನವನ್ನು ಕಾನೂನು ಕೊಟ್ಟದ್ದು 1956ರ ಉತ್ತರಾಧಿಕಾರ ಕಾಯಿದೆಯಿಂದ. ಪಿತ್ರಾರ್ಜಿತದಲ್ಲಿ ಮಗಳು ಮಗನಿಗೆ ಸಮಳಾದದ್ದು 2005ರ ತಿದ್ದುಪಡಿಯಿಂದ. ಕಾಯಿದೆ ಬಂದರೂ, ‘ಅಣ್ಣತಮ್ಮಂದಿರ ಮನಸ್ಸು ನೋಯದಿರಲಿ’ ಎಂದು ಹಕ್ಕುಬಿಡುವ ಪತ್ರಕ್ಕೆ ರುಜು ಹಾಕುವ ಹೆಣ್ಣುಮಕ್ಕಳು ಇಂದಿಗೂ ಉಂಟು.

ಪಟ್ಟಣದ ಮನೆಗಳಲ್ಲಿ ಇಂಥ ಅಜ್ಜಿಯರ ಪಟಗಳು ಗೋಡೆಯ ಮೇಲಿವೆ. ಹಬ್ಬದ ದಿನ ಅವಕ್ಕೆ ಹೂವೇರಿಸುವುದು ಸರಿಯೇ. ಜೊತೆಗೆ, ಅದೇ ಮನೆಯ ಮೂಲೆಯಲ್ಲಿ ಇನ್ನೂ ಬದುಕಿ ಕುಳಿತಿರುವ ಮುದುಕಿಯೊಬ್ಬಳಿದ್ದರೆ, ಅವಳ ಬಳಿ ಅರೆಗಳಿಗೆ ಕುಳಿತು ಅವಳ ಬಾಯಿಂದಲೇ ಅವಳ ಕಥೆಯನ್ನು ಕೇಳುವುದು ಇನ್ನೂ ಸರಿ.