ಚಿತ್ರಶಾಲೆಗೆ ಹೊರಡುವ ಮುನ್ನ

ನಂಜನಗೂಡು ಸೀಮೆಯ ಹೆಮ್ಮರಗಾಲದಂಥ ಊರುಗಳಿಗೆ ಮೈಸೂರು ದೂರವಲ್ಲ. ಆದರೂ ಅಲ್ಲಿಯ ಚಿತ್ರಶಾಲೆ ಈ ಊರುಗಳ ಮಕ್ಕಳಿಗೆ ದೂರವಾಗಿಯೇ ಉಳಿದಿದೆ. ಶಾಲೆಯ ಪ್ರವಾಸವೆಂದರೆ ಬೆಳಗ್ಗೆ ಚಾಮುಂಡಿಬೆಟ್ಟ, ಆಮೇಲೆ ಮೃಗಾಲಯ, ಮಧ್ಯಾಹ್ನ ಅರಮನೆ, ಸಂಜೆ ಕೃಷ್ಣರಾಜಸಾಗರ. ನಡುವೆ ಹೊತ್ತು ಮಿಕ್ಕರೆ ಜಗನ್ಮೋಹನ ಅರಮನೆ. ಮಕ್ಕಳು ಸಾಲುಹಿಡಿದು ಒಂದು ಬಾಗಿಲಲ್ಲಿ ಹೊಕ್ಕು ಇನ್ನೊಂದರಲ್ಲಿ ಹೊರಬೀಳುತ್ತಾರೆ. ಏನು ನೋಡಿದಿರೆಂದು ಕೇಳಿದರೆ ‘ಚಿತ್ರಗಳು’ ಎನ್ನುತ್ತಾರೆ. ಅವರನ್ನು ದೂರಿ ಫಲವಿಲ್ಲ. ನೋಡಲು ನಾವು ಅವರಿಗೆ ಅವಕಾಶವನ್ನೇ ಕೊಡಲಿಲ್ಲ.

ಈ ಕಟ್ಟಡ ಸಾಮಾನ್ಯವಾದುದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು 1861ರಲ್ಲಿ ಇದನ್ನು ಕಟ್ಟಿಸಿದರು. 1897ರಲ್ಲಿ ಮರದ ಅರಮನೆ ಬೆಂಕಿಗೆ ತುತ್ತಾದಾಗ ರಾಜಮನೆತನಕ್ಕೆ ಆಶ್ರಯವಾದದ್ದು ಇದೇ. ನಾಲ್ವಡಿ ಕೃಷ್ಣರಾಜ ಒಡೆಯರು 1902ರಲ್ಲಿ ರಾಜ್ಯಾಧಿಕಾರ ವಹಿಸಿಕೊಂಡದ್ದೂ ಇಲ್ಲಿಯೇ. 1915ರಲ್ಲಿ ಇದು ಚಿತ್ರಶಾಲೆಯಾಯಿತು. 1955ರಲ್ಲಿ ಶ್ರೀ ಜಯಚಾಮರಾಜೇಂದ್ರರ ಹೆಸರು ಪಡೆಯಿತು. ಇಷ್ಟನ್ನು ಉಪಾಧ್ಯಾಯರು ಹೊರಡುವ ಹಿಂದಿನ ದಿನ ತರಗತಿಯಲ್ಲಿ ಹೇಳಲು ಕಾಲುಗಂಟೆ ಸಾಕು.

‘ಹಳ್ಳಿಯ ಹುಡುಗರಿಗೆ ಚಿತ್ರಕಲೆ ಏನು ತಿಳಿದೀತು?’ ಎಂದು ಕೇಳುವವರಿದ್ದಾರೆ. ಹೆಮ್ಮರಗಾಲದ ಸಂತಾನ ವೇಣುಗೋಪಾಲಸ್ವಾಮಿಯ ಸನ್ನಿಧಿಗೆ ಹೋಗುವ ಭಕ್ತರನ್ನು ಅವರು ಒಮ್ಮೆ ಗಮನಿಸಲಿ. ಒಂದೇ ಮೂರ್ತಿಯ ಮುಂದೆ ನಿಂತು, ಮುಖವನ್ನೂ ಕೊಳಲನ್ನೂ ಅಲಂಕಾರವನ್ನೂ ಕಣ್ಣು ತುಂಬಿಕೊಳ್ಳುವ ಅಭ್ಯಾಸ ನಮ್ಮ ಜನಕ್ಕೆ ಹೊಸದಲ್ಲ. ದೇವಾಲಯಕ್ಕೆ ಹೋದವರು ಕಂಬಗಳನ್ನು ಎಣಿಸಿ ಮುಗಿಸಿದೆವೆಂದು ತೃಪ್ತರಾಗುವುದಿಲ್ಲ. ಚಿತ್ರಶಾಲೆಗೂ ಅದೇ ಮನಸ್ಸಿನಿಂದ ಹೋಗಬೇಕು. ಎಲ್ಲವನ್ನೂ ನೋಡುವ ಹಟ ಬಿಟ್ಟು ಮೂರನ್ನೇ ಆರಿಸಿಕೊಳ್ಳಬಹುದೆಂದು ನನ್ನ ಸೂಚನೆ.

ಮೊದಲನೆಯದು ರವಿವರ್ಮನ ಒಂದು ಚಿತ್ರ. 1894ರಲ್ಲಿ ಆತ ಮುಂಬಯಿಯಲ್ಲಿ ತೆರೆದ ಮುದ್ರಣಾಲಯದಿಂದ ಲಕ್ಷ್ಮಿ ಸರಸ್ವತಿಯರು ಮನೆಮನೆಯ ಗೋಡೆಗೆ ಬಂದರು. ನಮ್ಮ ಕ್ಯಾಲೆಂಡರಿನ ದೇವತೆಗಳು ಇಂದಿಗೂ ಅವರ ಸಂತತಿಯೇ. ಮನೆಯ ಗೋಡೆಯ ಮೇಲೆ ಅಚ್ಚನ್ನು ಕಂಡ ಮಗು ಇಲ್ಲಿ ಕುಂಚದ ಕೈಯನ್ನು ಕಾಣಲಿ.

ಎರಡನೆಯದು ‘ದೀಪಧಾರಿಣಿ’ ಎನ್ನಬಹುದಾದ ಆ ಪ್ರಸಿದ್ಧ ಚಿತ್ರ. ಇದನ್ನೂ ರವಿವರ್ಮನದೆಂದು ಹೇಳುವವರು ಬಹಳ, ಬರೆದವರು ಎಸ್.ಎಲ್. ಹಳದಣಕರ್, 1940ರ ದಶಕದಲ್ಲಿ. ತೈಲಚಿತ್ರದಂತೆ ತೋರಿದರೂ ಇದು ಜಲವರ್ಣ. ಜಲವರ್ಣದಲ್ಲಿ ಬೆಳಕಿನ ಸ್ಥಳವನ್ನು ಮೊದಲೇ ಎಣಿಸಿ ಕಾಗದದ ಬಿಳುಪನ್ನು ಉಳಿಸಿಕೊಳ್ಳಬೇಕು. ತಪ್ಪಿದರೆ ಮುಚ್ಚಿ ಬರೆಯುವುದು ಸುಲಭವಲ್ಲ. ಇದನ್ನು ಅರಿತು ನಿಂತವನಿಗೆ ದೀಪಕ್ಕೆ ಮರೆಯಾದ ಬೆರಳುಗಳ ಕೆಂಪು ಬೇರೆಯೇ ಅರ್ಥ ಕೊಡುತ್ತದೆ.

ಮೂರನೆಯದು ಗೋಡೆಯ ಮೇಲಿನ ಮೈಸೂರು ಸಂಪ್ರದಾಯದ ಚಿತ್ರಗಳು. ದಸರಾ ಮೆರವಣಿಗೆಯ ಜನಸಂದಣಿಯಲ್ಲಿ ನಮ್ಮ ಮುತ್ತಜ್ಜಂದಿರ ಕಾಲದ ಉಡುಪು, ರುಮಾಲು, ವಾದ್ಯಗಳನ್ನು ಹುಡುಕುವುದೇ ಮಕ್ಕಳಿಗೊಂದು ಆಟವಾದೀತು.

ವ್ಯವಸ್ಥೆಯ ಮಾತೂ ಇಷ್ಟಿದೆ. ತೆರೆದಿರುವ ದಿನವನ್ನು, ವಿದ್ಯಾರ್ಥಿಗಳ ಶುಲ್ಕವನ್ನು ಮುಂಚೆಯೇ ವಿಚಾರಿಸಬೇಕು. ಕಾಲೂ ಕಣ್ಣೂ ದಣಿಯುವ ಮೊದಲು ಬೆಳಗ್ಗೆಯೇ ಹೋಗಬೇಕು. ನಾಲ್ವರಿಗೊಂದು ಚಿತ್ರವನ್ನು ಒಪ್ಪಿಸಿ, ಹತ್ತು ನಿಮಿಷ ಅದರ ಮುಂದೆ ನಿಲ್ಲಿಸಿ, ಕಂಡದ್ದನ್ನು ಬರೆಯಹೇಳಬೇಕು. ಹೊರಬಂದು ಬುತ್ತಿ ಬಿಚ್ಚಿದಾಗ ಒಬ್ಬೊಬ್ಬರೂ ತಮ್ಮ ಚಿತ್ರವನ್ನು ಉಳಿದವರಿಗೆ ವರ್ಣಿಸಲಿ. ಅದಕ್ಕಿಂತ ಒಳ್ಳೆಯ ಕನ್ನಡ ಪಾಠವನ್ನು ನಾನು ಕಾಣೆ.

ಚಿತ್ರವೆಲ್ಲ ಮೊಬೈಲಿನಲ್ಲಿಯೇ ದೊರೆಯುವಾಗ ಈ ಶ್ರಮವೇಕೆ ಎಂಬ ಮಾತೂ ಬರುತ್ತದೆ. ಅಂಗೈಯಗಲದ ಗಾಜಿನಲ್ಲಿ ಎಲ್ಲ ಚಿತ್ರಕ್ಕೂ ಒಂದೇ ಅಳತೆ, ಒಂದೇ ಹೊಳಪು. ಬಣ್ಣದ ಮೈಯನ್ನು ಎದುರಿಗೆ ನಿಂತವನ ಕಣ್ಣು ಮಾತ್ರ ಬಲ್ಲದು. ಮೈಸೂರಿನಲ್ಲಿ 1886ರಲ್ಲಿ ಹುಟ್ಟಿದ ಕೆ. ವೆಂಕಟಪ್ಪನವರು ಅರಮನೆಯ ಚಿತ್ರಕಾರರ ಮನೆತನದವರು. ಬಾಲ್ಯದಿಂದಲೇ ಕುಂಚ ಬಣ್ಣಗಳ ನಡುವೆ ಬೆಳೆದರು. ಮನೆಯಲ್ಲಿ ಆ ಭಾಗ್ಯವಿಲ್ಲದ ಮಗುವಿಗೆ ಅದನ್ನು ಒದಗಿಸಬೇಕಾದದ್ದು ಶಾಲೆ.

ಉಪಾಧ್ಯಾಯರಲ್ಲಿಯೂ ಪೋಷಕರಲ್ಲಿಯೂ ನನ್ನ ಬಿನ್ನಹ ಇಷ್ಟೇ: ಮುಂದಿನ ಪ್ರವಾಸದ ಪಟ್ಟಿಯಿಂದ ಎರಡು ಸ್ಥಳಗಳನ್ನು ಹೊಡೆದುಹಾಕಿ. ಆನೆ ಹುಲಿಗಳು ಮರುವರ್ಷಕ್ಕೂ ಕಾದಿರುತ್ತವೆ.